ರೊಟ್ಟಿ ಬಡಿಯೋ ಮನಿ

ಯವ್ವಾ,

ಬರೀಲಾಕತ್ತೀನಿ ಖರೆ, ಇದನ್ನ ಕಮಲಾಪುರಕ್ಕ ಕಳಸಂಗಿಲ್ಲ. ಗೆಳತಿ ಜೋಡಿ ಮನಿ ಮಾಡ್ತೀನಿ ಅಂದ ದಿನದಿಂದ ನೀ ನನ್ನ ಫೋನೇ ಎತ್ತವಲ್ಲಿ, ಇನ್ನ ಪತ್ರ ಒಡದು ಓದ್ತೀಯೇನು?

"ಇರೂದಿದ್ರ ಫ್ಲಾಟಿನ್ಯಾಗ ಇರು, ಗೇಟಿಗೆ ವಾಚ್‌ಮನ್ ಇರ್ತಾನ" ಅಂತ ಕಡೀಕ ಅಂದಿದ್ದಿ. ಅದಕ್ಕೇ ನಾನು, ಆ ಗೆಳತಿ, ನನ್ನ ಆಫೀಸಿನ ಉಮ್ಮೆ ಹಾನಿ, ಹೋದ ವಾರ ಐವಾನ್-ಎ-ಶಾಹಿ ಕಡಿ ಒಂದು ಫ್ಲಾಟ್ ನೋಡಿದ್ವಿ. ಲಿಫ್ಟ್ ಇತ್ತು, ವಾಚ್‌ಮನ್ನೂ ಇದ್ದ. ಹಾನಿ ಮನಸ್ಸಿಗೆ ಭಾಳ ಬಂದಿತ್ತು. ಕೀಲಿ ಕೊಡೂ ಮುಂದ ಮಾಲಕರು ಅಂದ್ರು, "ಒಂದೇ ಮಾತು ನೋಡ್ರಿ. ರೊಟ್ಟಿ ಬಡೀಬ್ಯಾಡ್ರಿ. ಕೆಳಗಿನ ಮನಿಯವರಿಗೆ ಸಪ್ಪಳ ಆಗ್ತದ."

ಕಲಬುರಗಿಯೊಳಗ ಇದ್ದು ರೊಟ್ಟಿ ಬಡೀಬಾರದಂತ! ಕೀಲಿ ಅವರ ಕೈಯಾಗೇ ಬಿಟ್ಟು ಇಳದು ಬಂದ್ವಿ.

ಇವತ್ತು ಶಹಾಬಜಾರದಾಗ ಒಂದು ಹಳೀ ಮನಿ ಹೊಕ್ಕೀವಿ. ವಾಚ್‌ಮನ್ ಇಲ್ಲ, ಬಾಗಲದ ಚಿಲಕಾನೂ ಸಡಲ ಅದ. ಏನ್ ಮಾಡ್ತಿ ಮಾಡು. ಸಂಜಿಕ್ಕ ಅಂಗಳದಾಗ ಕುಂತು ಇಡೀ ಓಣಿಗೆ ಕೇಳೂ ಹಂಗ ರೊಟ್ಟಿ ಬಡದೆ. ಹಾನಿ ಹಂಚಿನ ಮುಂದ ಕುಂತು ಬೇಯಿಸಿದಳು, ಮೊದಲನೇದು ಕರಕಾತು.

ಬಾಜೂ ಮನಿ ಇಕ್ಬಾಲ್ ಬೇಗಂ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿದ್ರು. "ಎಷ್ಟು ಛಂದ ಬಡೀತಿ ಬೇಟಿ! ಯಾರು ಕಲಿಸ್ಯಾರ?"

"ಯಾರೂ ಇಲ್ಲರೀ, ಮೊಬೈಲ್ ನೋಡಿ ಕಲ್ತೀನಿ" ಅಂದೆ.

ಕಲಿಸಿದಾಕಿ ನೀನು, ಸಿಟ್ಟು ಬಂತೇನು? ಬರ್ಲಿ. ಹಂಗಾದ್ರೂ ಬಂದು ಬೈದು ಹೋಗು. ಮನಿ ಯಾವ್ದಂತ ಯಾರಿಗೂ ಕೇಳಬ್ಯಾಡ. ಓಣಿಗೆ ಬಂದ್ರ ನಿನಗ ಸಪ್ಪಳ ಗೊತ್ತಾಗ್ತದ.