ಹೊಟ್ಟೆಯೊಳಗಿನ ಅರ್ಧ ಬಟ್ಟೆ

ಗಂಡಸರ ವಾರ್ಡು, ಕಿಟಕಿ ಪಕ್ಕದ ಮಂಚ
ಮಾರ್ಚ್ ೧೧, ಬುಧವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಒಬ್ಬನೇ ತಮ್ಮನ ನಮಸ್ಕಾರಗಳು. ಉದ್ದಂಡ ನಮಸ್ಕಾರವನ್ನೇ ಮಾಡುತ್ತಿದ್ದೆ, ಆದರೆ ಹೊಟ್ಟೆಗೆ ಹೊಸ ಹೊಲಿಗೆ ಬಿದ್ದಿರುವುದರಿಂದ ಬೋರಲು ಮಲಗಕೂಡದೆಂದು ಆಜ್ಞೆಯಾಗಿದೆ. ಬರೆಯುವುದು ತಡವಾಯಿತು, ಮನ್ನಿಸು. ಕೆಮ್ಮಿದರೂ ನೋವು, ನಕ್ಕರೂ ನೋವು; ನಗದೆ ಪತ್ರ ಬರೆಯುವುದು ನನಗೆಲ್ಲಿ ಬರುತ್ತದೆ? ನೀನು ಚಿಕ್ಕಮ್ಮನ ಮನೆ ಸೇರಿಕೊಂಡು ಫೋನೆತ್ತದೆ ಕೂತಿರುವಾಗ ಕಾಗದವೇ ಗತಿ.

ಮೊದಲು ಶುಭ ಸಮಾಚಾರ. ಮೊನ್ನೆ ಬೆಳಿಗ್ಗೆ ನನ್ನ ಹೊಟ್ಟೆಯಿಂದ ಬಟ್ಟೆ ಸುಖವಾಗಿ ಹೊರಬಂತು. ಬಾಣಂತಿಯಾದ ನಾನು ಕ್ಷೇಮ. ಮಗುವನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸಿದ್ದಾರೆ. ಈ ಮಾತಿಗೆ ವಾರ್ಡಿನವರೆಲ್ಲ ನಕ್ಕರು, ಅಮ್ಮ ಮಾತ್ರ ನಗಲಿಲ್ಲ. ಹೊಟ್ಟೆನೋವು ಅಂದಾಗಲೆಲ್ಲ ಕಾಲೇಜಿಗೆ ಚಕ್ಕರ್ ಹೊಡೆಯುವ ಹುನ್ನಾರವೆಂದು ನನ್ನನ್ನು ಅಟ್ಟುತ್ತಿದ್ದವಳು ತಾನೇ ಅಲ್ಲವೇ ಎಂದು ಕರ್ಚೀಫಿನಲ್ಲಿ ಮೂಗೊರೆಸಿಕೊಂಡಳು.

ಈಗ ಎದ್ದು ನಿಲ್ಲು. ನಿನ್ನ ಮೇಲಿನ ಮೊಕದ್ದಮೆಯ ತೀರ್ಪು ಓದಲಾಗುತ್ತದೆ. ಆರೋಪ ಹೊರಿಸಿದವಳು ನೀನೇ: ಕಳೆದ ವರ್ಷ ಸ್ವಂತ ತಮ್ಮನ ಅಪೆಂಡಿಕ್ಸ್ ಆಪರೇಷನ್ನಿನಲ್ಲಿ, ಹೊಲಿಗೆ ಹಾಕುವ ಮೊದಲು ರಕ್ತ ಒರೆಸುವ ಬಟ್ಟೆಗಳನ್ನು ಎಣಿಸಬೇಕಾದ ನರ್ಸಾಗಿದ್ದೂ ಎಣಿಕೆ ತಪ್ಪಿ ಒಂದನ್ನು ಒಳಗೇ ಬಿಟ್ಟಿದ್ದು. ಎಕ್ಸ್‌ರೇಗೆ ಕಾಣಲೆಂದೇ ಆ ಬಟ್ಟೆಯಲ್ಲಿ ಹೆಣೆದಿರುವ ನೂಲು ಹೋದ ವಾರ ಬೆಳ್ಳಗೆ ಕಂಡದ್ದೇ ತಡ, ರಾಜೀನಾಮೆ ಬರೆದುಕೊಟ್ಟು ಊರು ಬಿಟ್ಟೆ. ಆರೋಪವೂ ನಿನ್ನದೇ, ಶಿಕ್ಷೆಯೂ ನಿನ್ನದೇ. ಹೊಟ್ಟೆಯ ಯಜಮಾನನಾದ ನನ್ನನ್ನು ಒಂದು ಮಾತು ಕೇಳಲಿಲ್ಲ.

ಇನ್ನು ಸಾಕ್ಷಿ. ನಿನ್ನೆ ಇಲ್ಲಿನ ಡಾಕ್ಟರಮ್ಮ ರೌಂಡ್ಸಿಗೆ ಬಂದವರು, ಬಟ್ಟೆಯ ಮೂರು ಅಂಚಿಗೆ ಹೊಲಿಗೆ ಇದೆ, ನಾಲ್ಕನೆಯದು ಮಾತ್ರ ಕತ್ತರಿಯಿಂದ ಕತ್ತರಿಸಿದ ಹಾಗಿದೆ ಎಂದರು. ನಾನು ಉತ್ಸಾಹದಲ್ಲಿ ಧಡಕ್ಕನೆ ಎದ್ದು ಕೂರಲು ಹೋಗಿ, ಅಯ್ಯಪ್ಪಾ ಎಂದು ಕಿರುಚಿ, ಅಷ್ಟೇ ಗಾಂಭೀರ್ಯದಿಂದ ಮತ್ತೆ ಮಲಗಿದೆ. ಅವರು ಕಳೆದ ವರ್ಷ ನನ್ನನ್ನು ಕೊಯ್ದ ನಿಮ್ಮ ಆಸ್ಪತ್ರೆಯ ಸರ್ಜನ್ನಿಗೆ ಫೋನು ಮಾಡಿದರು. ಮಧ್ಯಾಹ್ನ ಆ ಮನುಷ್ಯ ತಾನೇ ಬಂದು ಬಾಗಿಲಲ್ಲಿ ನಿಂತರು. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವ ಪೈಕಿ ಅಂತ ನೀನೇ ಹೇಳುತ್ತಿದ್ದೆಯಲ್ಲ, ಅವರೇ.

ಆವತ್ತು ನೀನು ಸಲೈನ್ ಬಾಟಲಿ ಬದಲಿಸಲು ಆಚೆ ತಿರುಗಿದ್ದಾಗ, ಇಷ್ಟು ಸಣ್ಣ ಗಾಯಕ್ಕೆ ಇಡೀ ಬಟ್ಟೆ ಯಾಕೆ ದಂಡ ಎಂದು ಒಂದನ್ನು ಎರಡು ತುಂಡು ಮಾಡಿದರಂತೆ. ಕತ್ತರಿಸಿದ್ದನ್ನು ಹೊಟ್ಟೆಯೊಳಗೆ ಹಾಕಬಾರದೆಂದು ಅಲ್ಲಿ ಎಲ್ಲರಿಗೂ ಗೊತ್ತು; ಆದರೂ ಎರಡೂ ಒಳಗೆ ಹೋದವು, ಹೊರಗೆ ಬಂದಿದ್ದು ಒಂದೇ. ರಕ್ತದಲ್ಲಿ ನೆನೆದು ಮುದ್ದೆಯಾದ ಆ ಅರ್ಧವನ್ನು ನೀನು ಒಂದು ಎಂದು ಎಣಿಸಿದೆ. ಲೆಕ್ಕ ಕೂಡಿತು. ಕೂಡದೆ ಏನು ಮಾಡೀತು?

"ನಿಮ್ಮಕ್ಕ ಎಣಿಸಿದ್ದು ಸರಿಯಾಗೇ ಇತ್ತಪ್ಪ," ಅಂದರು. "ನಾನು ಕತ್ತರಿಸಿದ್ದನ್ನ ಅವಳಿಗೆ ಹೇಳ್ಲಿಲ್ಲ. ಆಫೀಸಿನವರಿಗೂ ಈಗ ಅದನ್ನೇ ಹೇಳಿ ಬಂದೆ."

ಅಮ್ಮ ಅವರಿಗೆ ಕುರ್ಚಿ ಕೊಡಲಿಲ್ಲ. "ಬಟ್ಟೆ ಉಳಿಸಿದ್ರಿ ಡಾಕ್ಟ್ರೇ," ಅಂದಳು, "ನನ್ನ ಮಕ್ಕಳಿಬ್ಬರನ್ನೂ ಕಳೆದೇ ಬಿಡ್ತಿದ್ರಿ." ಅವರು ತಲೆ ತಗ್ಗಿಸಿ ಹೋದರು. ನನಗೆ ಅಯ್ಯೋ ಅನಿಸಿತು, ಆದರೆ ಅದಕ್ಕಿಂತ ಜಾಸ್ತಿ ಮಂಚದ ಮೇಲೆ ಕುಣಿಯಬೇಕು ಅನಿಸಿತು.

ನಿಮ್ಮ ಹೆಡ್ ಸಿಸ್ಟರ್ ರಾಜೀನಾಮೆಯನ್ನು ಇನ್ನೂ ಮೇಲಕ್ಕೆ ಕಳಿಸಿಲ್ಲವಂತೆ. ನೀನು ಬಂದ ಮೇಲೆ ನಿನ್ನೆದುರೇ ಹರಿದು ಹಾಕುತ್ತಾರಂತೆ. ಆದ್ದರಿಂದ ಆರೋಪಿಯನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಲಾಗಿದೆ. ಕಾಗದ ಕೈಸೇರಿದ ಕೂಡಲೇ ಸಿಕ್ಕಿದ ಬಸ್ಸು ಹತ್ತತಕ್ಕದ್ದು.

ವಯಸ್ಸಿನಲ್ಲಿ ಚಿಕ್ಕವನಾದರೂ, ಎರಡು ಸಲ ಹೊಟ್ಟೆ ಕೊಯ್ಸಿಕೊಂಡ ಹಿರಿತನದಿಂದ ಹರಸುತ್ತೇನೆ: ನಿನ್ನ ಬೆರಳುಗಳು ಇನ್ನೂ ಸಾವಿರ ಹೊಟ್ಟೆಗಳ ಲೆಕ್ಕ ನೋಡಲಿ, ಜಿಪುಣರ ಕೈಗೆ ಕತ್ತರಿ ಸಿಗದಿರಲಿ.

ನಿನ್ನ
ಕಪಿ

ತಾ.ಕ.: ಎಣಿಕೆಯ ವಿಷಯಕ್ಕೆ ನಿನ್ನ ಮೇಲೆ ನನಗೆ ಒಂದು ದಿನವೂ ಸಿಟ್ಟು ಬಂದಿರಲಿಲ್ಲ ಅಕ್ಕ. ಅದು ನಿನ್ನ ತಪ್ಪೇ ಆಗಿದ್ದರೂ ಬರುತ್ತಿರಲಿಲ್ಲ. ನೋಯುತ್ತಿರುವುದು ಬೇರೆ. ಆ ಆಪರೇಷನ್ ಆದ ಮೇಲೆ ಮತ್ತೆ ನೋವು ಶುರುವಾದಾಗ ಮೊದಲು ಹೇಳಿದ್ದು ನಿನಗೆ. ನೀನು ಡ್ಯೂಟಿಗೆ ಹೊರಟಿದ್ದೆ, ನಾನು ಅಡುಗೆಮನೆಯ ಬಾಗಿಲಲ್ಲಿ ಹೊಟ್ಟೆ ಹಿಡಿದು ನೆಲದ ಮೇಲೆ ಕೂತಿದ್ದೆ. "ಏಳೋ, ನಿನ್ನ ನಾಟಕ ನೋಡೋಕೆ ಟೈಮಿಲ್ಲ" ಅಂತ ನಗುತ್ತಾ ನನ್ನನ್ನು ದಾಟಿಕೊಂಡು ಹೋದೆ. ನಾನೂ ನಕ್ಕೆ. ಆಮೇಲೆ ಯಾರಿಗೂ ನೆಟ್ಟಗೆ ಹೇಳಲೇ ಇಲ್ಲ, ತಮಾಷೆ ಮಾಡಿಕೊಂಡೇ ಹೇಳಿದೆ. ನೀನು ಬಂದು ಮಂಚದ ಪಕ್ಕ ಕೂತು, ಎಲ್ಲಿ ನೋಯುತ್ತೆ ಅಂತ ಒಂದು ಸಲ ಕೇಳು. ಸರಿಯಾಗಿ ತೋರಿಸುತ್ತೇನೆ.