ಕನ್ಯಾಕುಮಾರಿಯಿಂದ ನನ್ನ ಕುರ್ಚಿಗೆ

ಬೀಗರಾದ ಸಾತಪ್ಪನವರಿಗೆ ಜ್ಞಾನೇಶ್ವರನ ನಮಸ್ಕಾರ.

ಮೊಣಕಾಲು ನೋವು ಬಿಟ್ಟರೆ ಆರಾಮ ಇದ್ದೇನೆ. ಇಲ್ಲಿ ಬಂಡೆಗೆ ಹೋಗುವ ದೋಣಿಗೆ ಬೆಳಗ್ಗೆಯೇ ಪಾಳಿ ಹಚ್ಚಬೇಕು. ನೀವು ಬರುವುದಾದರೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಬನ್ನಿ.

ಚಹಾದಂಗಡಿಯಲ್ಲಿ ಮುದುಕನೊಬ್ಬ ತಮಿಳು ಪೇಪರನ್ನು ಎಲ್ಲರಿಗೂ ಓದಿ ಹೇಳುತ್ತಿದ್ದ. ನನಗೆ ತಿಳಿದದ್ದು ಇರಾನ್, ಇಸ್ರೇಲ್, ರಷ್ಯಾ ಅಷ್ಟೇ. "ಬ್ಯಾಲೆನ್ಸ್ ಆಫ್ ಪವರ್ ಈಸ್ ಗಾನ್" ಎಂದೆ. ಯಾರೂ ತಿರುಗಿ ನೋಡಲಿಲ್ಲ. ಅವನ ಕುರ್ಚಿಯನ್ನು ಮಾತ್ರ ಅಲ್ಲಿ ಯಾರೂ ಮುಟ್ಟುವುದಿಲ್ಲ.

ನಿನ್ನೆ ನಿಮಗೆ ಫೋನ್ ಮಾಡಿದಾಗ, ತೇರದಾಳದ ನಮ್ಮ ಚಹಾದಂಗಡಿಯಲ್ಲಿ ಮುತ್ತಣ್ಣ ಪೇಪರ್ ಓದುವುದು ಕೇಳಿಸಿತು. "ಆ ಕದನವಿರಾಮನೂ ನಮ್ಮ ಜಮಖಂಡಿ ಹೊಸಾ ಜಿಲ್ಲಾ ಆಗೂದೂ ಒಂದ ನೋಡ್ರಿ. ದಿನಾ ಪೇಪರ್‌ನ್ಯಾಗ ಆಗ್ತಾವ, ಹೊರಗ ಆಗೂದಿಲ್ಲ" ಎಂದ. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಅದರ ಮೇಲೆ "ನಿಮ್ಮ ಕುರ್ಚ್ಯಾಗ ಕುಂತಾನ್ರಿ, ಛಲೋ ಓದ್ತಾನ" ಎಂದು ನನಗೇ ಹೇಳಿದಿರಿ. ಇಷ್ಟು ವರ್ಷ ಕಾಜ್ ಅಂಡ್ ಎಫೆಕ್ಟ್ ಸಮೇತ ಯುದ್ಧ ತಿಳಿಸಿಕೊಟ್ಟವನು ನಾನು, ಒಬ್ಬರೂ ನಕ್ಕಿರಲಿಲ್ಲ. ನಮ್ಮಾಕೆ ಹೋದ ಮೇಲೆ ನನ್ನ ಮಾತಿಗೆ ಹೂಂ ಅನ್ನುವವರು ಇರುವುದು ಆ ಅಂಗಡಿಯಲ್ಲಷ್ಟೇ, ಬೀಗರೇ.

ನಿಮಗೆ ಸಣ್ಣ ಅಕ್ಷರ ಕಾಣುವುದಿಲ್ಲ, ಈ ಕಾರ್ಡನ್ನೂ ಅವನೇ ಓದುತ್ತಿರುತ್ತಾನೆ. ಮುತ್ತಣ್ಣಾ, ಎಲ್ಲರಿಗೂ ಕೇಳುವಂತೆ ಓದು. ಮಧುರೈ, ರಾಮೇಶ್ವರ ಮುಗಿಸಿ ಮುಂದಿನ ವಾರ ಬರುತ್ತೇನೆ. ಜಿಲ್ಲೆಯ ಸುದ್ದಿ ಬೇಕಾದರೆ ನೀನು ಹೇಳು, ಯುದ್ಧ ನಾನು ಬರುವತನಕ ಹಾಗೇ ಇರಲಿ. ಓದಿ ಮುಗಿಯಿತಲ್ಲ, ಇನ್ನು ಏಳು.

ಬಸ್ಸಿನವ ಹಾರ್ನ್ ಹೊಡೆಯುತ್ತಿದ್ದಾನೆ.
ನಿಮ್ಮ ಜ್ಞಾನೇಶ್ವರ