ಇಪ್ಪತ್ತಮೂರನೇ ಜಾಗ

ಅರಿಜೋನಾ,
ಸರೋವರದ ಉತ್ತರ ತುದಿ
ಸೆಪ್ಟೆಂಬರ್ ೧೮, ಬುಧವಾರ

ನನ್ನ ಪ್ರೀತಿಯ ಸಿಗ್ರಿಡ್,

ನೀನೂ ಡುವೇನನೂ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನಿಮ್ಮ ಡಕೋಟಾದಲ್ಲಿ ಬೆಳಗಿನ ಹೊತ್ತು ಆಗಲೇ ಸ್ವೆಟರ್ ಹುಡುಕುತ್ತಿರಬೇಕು. ಇಲ್ಲಿ ನಾನಿನ್ನೂ ಬೇಯುತ್ತಿದ್ದೇನೆ. ನಿನ್ನ ಐದು ಕಾಗದಗಳೂ ಬಂದು ಸೇರಿವೆ, ಐದಕ್ಕೂ ಸೇರಿಸಿ ಇದೊಂದು ಉತ್ತರ. ತಡವಾಯಿತು ಎನ್ನುವುದಕ್ಕೂ ನಾಚಿಕೆಯಾಗುತ್ತದೆ. ಹನ್ನೊಂದು ತಿಂಗಳಾದ ಮೇಲೆ ಅದನ್ನು ತಡ ಎನ್ನುತ್ತಾರೆಯೇ? ಫೋನ್ ಮಾಡಿದರೂ ಎತ್ತುವುದಿಲ್ಲ ಎಂದು ನೀನು ಬೈದದ್ದು ಸರಿಯೇ. ನಿನ್ನ ದನಿ ಕೇಳಿದರೆ ಅಳು ಬರುತ್ತದೆ, ಅಳು ಬಂದರೆ ಮಾತು ಹೊರಡುವುದಿಲ್ಲ. ಕಾಗದವಾದರೆ ಅಳುತ್ತಲೂ ಬರೆಯಬಹುದು. ಇದನ್ನೆಲ್ಲ ಹೊಟ್ಟೆಗೆ ಹಾಕಿಕೋ.

ನಿನ್ನ ಕೊನೆಯ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಹನ್ನೊಂದು ಚಳಿಗಾಲ ಅಕ್ಕಪಕ್ಕದಲ್ಲಿ ಗಾಡಿಮನೆ ನಿಲ್ಲಿಸಿಕೊಂಡು ಬಾಳಿದ ನಾವು ಈಗ ಹೀಗೆ ಕಾಗದದಲ್ಲಿ ಷರತ್ತು ಹಾಕಿಕೊಳ್ಳುವ ಹಾಗಾಯಿತಲ್ಲ. ಸರೋವರದ ದಡದ ಆ ಕತ್ತೆಕೊಲ್ಲಿ ಬಿಡಾರಕ್ಕೆ ಇನ್ನು ಜನ್ಮದಲ್ಲಿ ಕಾಲಿಡುವುದಿಲ್ಲ, ನಿನ್ನ ಆರ್ವಿಲ್ ಸತ್ತದ್ದು ನಮ್ಮಿಂದ, ಬೇರೆ ಕಡೆ ಎಲ್ಲಾದರೂ ಜಾಗ ಇದ್ದರೆ ನೀನೇ ಹುಡುಕಿ ಬರೆ, ಇಲ್ಲವಾದರೆ ಈ ತಿಂಗಳ ಕೊನೆಯ ಶನಿವಾರ ಗಾಡಿ ಕೊಳ್ಳಲು ಬರುವವರಿಗೆ ಕೊಟ್ಟುಬಿಡುತ್ತೇವೆ ಎಂದು ಬರೆದಿದ್ದೀಯ. ಮಾರಬೇಡ, ಸಿಗ್ರಿಡ್. ಆ ಗಾಡಿಮನೆಯ ಪರದೆಗಳನ್ನು ನಾವಿಬ್ಬರೇ ಕೂತು ಹೊಲಿದದ್ದು. ಡಕೋಟಾದ ಚಳಿಗೆ ಡುವೇನನ ಎದೆ ತಡೆಯುವುದಿಲ್ಲ ಎಂದು ನಿಮ್ಮ ಡಾಕ್ಟರು ಹೇಳಿದ್ದು ನನಗೆ ನೆನಪಿದೆ. ಮಾಡದ ತಪ್ಪಿಗೆ ನೀನು ಗಂಡನ ಪ್ರಾಣವನ್ನೂ ಪಣಕ್ಕಿಡಬೇಡ.

ಆದ್ದರಿಂದ ಕಳೆದ ಮೂರು ವಾರ ನಾನು ಮಾಡಿದ ಕೆಲಸ ಜಾಗ ಹುಡುಕುವುದೊಂದೇ. ಎಲ್ಲ ಕಡೆಗೂ ನಾನೇ ಗಾಡಿ ಎಳೆದುಕೊಂಡು ಹೋದೆ. ನಗಬೇಡ. ಮೂವತ್ತು ವರ್ಷ ನಾನು ಹಿಂದೆ ನಿಂತು ಕೈ ಬೀಸುತ್ತಿದ್ದೆ, ಆರ್ವಿಲ್ ಮುಂದೆ ಕೂತು ಹಿಂದಕ್ಕೆ ಬಿಡುತ್ತಿದ್ದ. ನಾನು ಎಡಕ್ಕೆ ಎಂದರೆ ಅವನಿಗೆ ಬಲಕ್ಕೆ ಎಂದು ಕೇಳಿಸುತ್ತಿತ್ತು. ಗಾಡಿ ಸೊಟ್ಟ ನಿಂತ ಮೇಲೆ ಇಳಿದು ಬಂದು, "ನೆಲಾನೇ ಸರಿ ಇಲ್ಲ ಕಣೇ" ಎನ್ನುತ್ತಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನೀನು ನಿನ್ನ ಕುರ್ಚಿಯಿಂದಲೇ ಕೂಗಿ ಹೇಳಿ ಅವನನ್ನು ರೇಗಿಸುತ್ತಿದ್ದೆ. ಈಗ ನಾನು ಇಪ್ಪತ್ತು ಅಡಿ ಹಿಂದಕ್ಕೆ ಬಿಡುತ್ತೇನೆ, ನಿಲ್ಲಿಸುತ್ತೇನೆ, ಇಳಿದು ಹಿಂದೆ ಹೋಗಿ ನೋಡುತ್ತೇನೆ, ಮತ್ತೆ ಹತ್ತುತ್ತೇನೆ. ಮೊನ್ನೆ ಒಬ್ಬ ಗಂಡಸು ಬಂದು ಕೈ ಬೀಸಿ ದಾರಿ ತೋರಿಸಲು ನಿಂತ. ಕನ್ನಡಿಯಲ್ಲಿ ಆ ಕೈ ಕಂಡದ್ದೇ ನನಗೆ ತಡೆಯಲಾಗಲಿಲ್ಲ. ಗಾಡಿ ಅಲ್ಲೇ ಬಿಟ್ಟು ಅತ್ತೆ. ಪಾಪ, ತಾನೇನು ತಪ್ಪು ಮಾಡಿದೆನೋ ಎಂದು ಅವನು ಹೆದರಿ ಹೋದ.

ಮೊದಲು ಊರೊಳಗಿನ ಗಾಡಿಮನೆಗಳ ಪಾರ್ಕಿಗೆ ಹೋದೆ, ಅದೇ, ಐವತ್ತೈದು ದಾಟಿದವರಿಗೆ ಮಾತ್ರ ಎನ್ನುವುದು. ಈಜುಕೊಳ, ಸಾಲಾಗಿ ತಾಳೆಮರ, ನೆಲಕ್ಕೆಲ್ಲ ಸಿಮೆಂಟು. ಮ್ಯಾನೇಜರ್ ಹೆಂಗಸು ಸಕ್ಕರೆಯಂಥ ಮಾತಿನವಳು. ನನ್ನ ವಯಸ್ಸು ಕೇಳಿದಳು, ಎಪ್ಪತ್ತೊಂದು ಎಂದೆ, ಬಹಳ ಸಂತೋಷ ಎಂದಳು. ಗಾಡಿಯ ವಯಸ್ಸು ಕೇಳಿದಳು, ಹತ್ತೊಂಬತ್ತು ಎಂದೆ. ಮುಖ ಸಣ್ಣಗಾಯಿತು. ಹತ್ತು ವರ್ಷಕ್ಕಿಂತ ಹಳೆಯ ಗಾಡಿಯನ್ನು ಅವರು ಒಳಗೆ ಬಿಡುವುದಿಲ್ಲವಂತೆ, ನೋಡಲು ಚೆನ್ನಾಗಿರುವುದಿಲ್ಲವಂತೆ. ಒಳಗೆ ಕೂತ ಮುದುಕಿ ನಡೆಯುತ್ತದೆ, ಗಾಡಿ ಮಾತ್ರ ಎಳೆಯದಾಗಿರಬೇಕು. ನಿಮ್ಮದಂತೂ ನನ್ನದಕ್ಕಿಂತ ಎರಡು ವರ್ಷ ದೊಡ್ಡದು. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲೆ ಬೆಟ್ಟದ ಹಿಂದಿನ ಸರ್ಕಾರಿ ಬಯಲು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ, ಹದಿನಾಲ್ಕು ದಿನ ಇದ್ದು ಎದ್ದು ಹೋಗಬೇಕು, ಅಷ್ಟೇ. ಕತ್ತೆಗಳು ಬಾಗಿಲವರೆಗೆ ಬರುತ್ತವೆ, ಸಂಜೆ ಬೆಟ್ಟವೆಲ್ಲ ಕೆಂಪಾಗುತ್ತದೆ, ನಿನಗೆ ಹಿಡಿಸುತ್ತದೆ. ಆದರೆ ನೀರಿಲ್ಲ, ಕರೆಂಟಿಲ್ಲ. ಡುವೇನ್ ಮಲಗುವಾಗ ಮೂಗಿಗೆ ಹಾಕಿಕೊಳ್ಳುವ ಯಂತ್ರ ಯಾವುದರಿಂದ ಓಡಬೇಕು? ಜನರೇಟರು ಗುಡುಗುಡು ಎಂದರೆ ಆ ಬಯಲಿಗೆ ಬಂದದ್ದಕ್ಕೆ ಅರ್ಥವಿಲ್ಲ. ಅದನ್ನೂ ಬಿಟ್ಟೆ.

ಈಗ ನಾನಿರುವುದು ಮೂರನೆಯದು. ನೋಡಲು ಏನೇನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹೆದ್ದಾರಿ ಹತ್ತಿರ, ಲಾರಿಗಳ ಸದ್ದು ಕೇಳುತ್ತದೆ. ಸರೋವರ ಕಾಣುವುದಿಲ್ಲ, ಬೇಕೆಂದವರು ಎರಡು ಮೈಲಿ ಹೋಗಬೇಕು. ಅದು ನಿನಗೆ ಬೇಕಾದದ್ದೇ ಎಂದುಕೊಂಡೆ. ಆದರೆ ಕರೆಂಟಿನ ಕಂಬಗಳು ಹೊಸವು, ಎರಡು ಏಸಿ ಒಟ್ಟಿಗೆ ಹಾಕಿದರೂ ಫ್ಯೂಸ್ ಹೋಗುವುದಿಲ್ಲ, ನಾನೇ ಹಾಕಿ ನೋಡಿದೆ. ಪ್ರತಿ ಜಾಗಕ್ಕೂ ತಗಡಿನ ಚಪ್ಪರವಿದೆ. ಗಾಡಿಯ ಬಾಗಿಲು ಪೂರ್ವಕ್ಕೆ ಬರುವ ಹಾಗೆ ನಿಲ್ಲಿಸಬಹುದು, ಮಧ್ಯಾಹ್ನದ ಮೇಲೆ ಬಾಗಿಲ ಮುಂದೆ ನಿನ್ನ ಕುರ್ಚಿಗೆ ನೆರಳು. ಒಗೆಯುವ ಯಂತ್ರಗಳು ಆರು, ಆರೂ ಕೆಲಸ ಮಾಡುತ್ತವೆ. ಎಲ್ಲಕ್ಕಿಂತ ದೊಡ್ಡದು, ಇಲ್ಲಿ ಜಾಗವನ್ನು ಹೆಸರಿಗೆ ಬರೆದಿಡುತ್ತಾರೆ. ಫೋನಿನಲ್ಲಿ ಹೆಸರು ಹೇಳಿದರೆ ಸಾಕು, ಚಳಿಗಾಲ ಪೂರ್ತಿ ನಿಮ್ಮದು. ಯಾರಿಗಾಗಿ ಯಾರೂ ಕಾದು ಕೂರಬೇಕಾಗಿಲ್ಲ. ಏಳನೆಯ, ಎಂಟನೆಯ ಜಾಗಗಳೆರಡನ್ನೂ ತಿಂಗಳ ಕೊನೆಯವರೆಗೆ ಹಿಡಿದಿಡಿ ಎಂದು ಹೇಳಿದ್ದೇನೆ.

ಪ್ರತಿ ಕಾಗದದಲ್ಲೂ ನೀನು ಆ ದಿನದ ಬಗ್ಗೆ ಕೇಳಿದ್ದೀಯ, ಅವನು ಕಷ್ಟಪಟ್ಟನೇ, ಏನಾದರೂ ಹೇಳಿದನೇ ಎಂದು. ನಾನು ಯಾರಿಗೂ ಪೂರ್ತಿ ಹೇಳಿಲ್ಲ. ನಿನಗೆ ಬರೆಯುತ್ತೇನೆ.

ಕತ್ತೆಕೊಲ್ಲಿಯ ಕಟ್ಟಳೆ ನಿನಗೆ ಗೊತ್ತಿದ್ದದ್ದೇ. ಅಕ್ಟೋಬರ್ ಒಂದಕ್ಕೆ ಗೇಟು ತೆಗೆಯುತ್ತಾರೆ, ಯಾರು ಮೊದಲು ಕೂತರೋ ಅವರಿಗೆ ಚಳಿಗಾಲದ ಜಾಗ. ಕುರ್ಚಿ ಇಟ್ಟರೆ, ಟವೆಲ್ ಹಾಸಿದರೆ ನಡೆಯುವುದಿಲ್ಲ, ಜೀವಂತ ಮನುಷ್ಯ ಇರಬೇಕು. ನಾವು ಬೆಳಿಗ್ಗೆ ಏಳಕ್ಕೇ ಇಪ್ಪತ್ತೆರಡನೇ ಜಾಗಕ್ಕೆ ಗಾಡಿ ಹಾಕಿದೆವು. ಪಕ್ಕದ ಇಪ್ಪತ್ತಮೂರು ನಿಮಗೆ ಬೇಕೆಂದು ನೀನು ಕೇಳಿದ್ದೆ, ಡುವೇನ್ ದಡದಲ್ಲೇ ಕೂತು ಗಾಳ ಹಾಕಬಹುದೆಂದು. ಹಿಂದಿನ ಮೂರು ವರ್ಷ ನಮಗಾಗಿ ನೀವು ಕೂತಿದ್ದಿರಿ, ಈ ಸಲ ಸರದಿ ನಮ್ಮದು. ಆರ್ವಿಲ್ ಗೊಣಗಿದ. "ಆ ಡುವೇನ್ ತನ್ನ ಮದುವೆಗೇ ಹೊತ್ತಿಗೆ ಬಂದಿರ್ಲಿಲ್ಲ. ಇವತ್ತು ಬರ್ತಾನಾ? ಗಾಡಿ ಎಲ್ಲೋ ಕೆಟ್ಟಿರುತ್ತೆ, ನೋಡ್ತಿರು" ಎಂದ. ಹೋಗಿ ಕೂತ್ಕೋ, ಕರಗಿ ಹೋಗಲ್ಲ ಎಂದೆ ನಾನು. ಅದೇ ಮಾತು, ಸಿಗ್ರಿಡ್. ನಲವತ್ತಾರು ವರ್ಷದ ಸಂಸಾರದಲ್ಲಿ ನಾನು ಅವನಿಗೆ ಆಡಿದ ಕೊನೆಯ ಮಾತು ಅದು.

ಅವನು ಮಡಿಸುವ ಕುರ್ಚಿ, ಟೋಪಿ, ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ ಆ ಮುಳ್ಳುಮರದ ಕೆಳಗೆ ಕೂತ. ಆ ಮರಕ್ಕೆ ಎಲೆಯೇ ಇಲ್ಲ, ನೆರಳು ಎಲ್ಲಿಂದ ಬರಬೇಕು. ನಾನು ಆಫೀಸಿನ ಪಕ್ಕದ ಹಾಲ್‌ಗೆ ಹೋದೆ. ಹೊಸದಾಗಿ ಬಂದವರಿಗೆಲ್ಲ ಅಲ್ಲಿ ಕಾಫಿ, ಆಮೇಲೆ ಇಸ್ಪೀಟು. ಆ ದಿನ ಮಧ್ಯಾಹ್ನ ನೂರ ಹತ್ತು ಡಿಗ್ರಿ. ಮೈಗೆ ಅಷ್ಟು ಜ್ವರ ಬಂದರೆ ಯಾರೂ ಉಳಿಯುವುದಿಲ್ಲ.

ಮಿಕ್ಕದ್ದು ಬಿಡಾರದ ಉಸ್ತುವಾರಿಯ ಮಿಸೆಸ್ ಟಾಲ್‌ಮನ್ ನನಗೆ ಹೇಳಿದ್ದು. ಹನ್ನೆರಡಕ್ಕೆ ಅವಳು ಸುತ್ತು ಬಂದಾಗ ಅವನ ಬಾಟಲಿ ಖಾಲಿಯಾಗಿತ್ತಂತೆ. ತನ್ನದನ್ನೇ ಕೊಟ್ಟಿದ್ದಾಳೆ. ನಿಮ್ಮ ಗಾಡಿ ಇಪ್ಪತ್ತು ಹೆಜ್ಜೆ ದೂರದಲ್ಲಿದೆ, ಏಸಿ ಓಡುತ್ತಿದೆ, ಒಳಗೆ ಹೋಗಿ ಎಂದಿದ್ದಾಳೆ. ಆಗ ಅಲ್ಲೊಂದು ಬಿಳಿ ಗಾಡಿ ಜಾಗಕ್ಕಾಗಿ ಸುತ್ತು ಹಾಕುತ್ತಲೇ ಇತ್ತಂತೆ. "ನಾನು ಎದ್ದೆ ಅಂದ್ರೆ ಅವ್ನು ನುಗ್ತಾನಮ್ಮ. ನಮ್ಮವರು ದಾರೀಲಿದಾರೆ, ಮಾತು ಕೊಟ್ಟಿದೀವಿ. ಬರದಿದ್ರೆ ನನ್ ಹೆಂಡ್ತಿ ಬಂದು ಹೇಳ್ತಾಳೆ" ಎಂದನಂತೆ. ಎರಡೂವರೆಗೆ ಅವಳು ಮತ್ತೆ ಬಂದಾಗ ಟೋಪಿ ಮುಖದ ಮೇಲಿತ್ತು. ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡಳಂತೆ, ಕರೆದರೂ ಏಳದಿದ್ದಾಗ ನನ್ನಲ್ಲಿಗೆ ಓಡಿ ಬಂದಳು. ಆಂಬುಲೆನ್ಸ್ ಬರುವ ಹೊತ್ತಿಗೆ ನಾನು ಅವನ ಕೈ ಹಿಡಿದುಕೊಂಡಿದ್ದೆ. ಕೈ ಒಣಗಿ ಬಿಸಿಯಾಗಿತ್ತು, ಬೆವರಿನ ಒಂದು ಹನಿಯೂ ಇರಲಿಲ್ಲ. ನನ್ನ ಗುರುತು ಅವನಿಗೆ ಸಿಗಲಿಲ್ಲ. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಕಷ್ಟಪಟ್ಟನೇ ಎಂದರೆ, ಪಟ್ಟಿರಬೇಕು. ನಿನಗೆ ಸುಳ್ಳು ಸಮಾಧಾನ ಹೇಳುವುದಿಲ್ಲ.

ಮಣ್ಣು ಮಾಡುವ ದಿನ ನೀನು ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತೆ, ಊಟಕ್ಕೂ ಬರಲಿಲ್ಲ. ಅಂಗಳದಲ್ಲಿ ನನ್ನನ್ನು ತಬ್ಬಿಕೊಂಡು, "ನಾನಿನ್ನೊಂದ್ಸಲ ಫೋನ್ ಮಾಡ್ಬೇಕಿತ್ತು ಮೇವಿಸ್, ನಾನ್ಯಾಕೆ ಮಾಡ್ಲಿಲ್ಲ" ಎಂದೆ. ಆ ಕೊಲ್ಲಿಯಲ್ಲಿ ಫೋನು ಸಿಗುವುದಿಲ್ಲ, ನೀನೇನು ಮಾಡೋಕಾಗುತ್ತಿತ್ತು ಎಂದು ನಾನು ಅಂದೆ. ಆ ಮಾತಿನಿಂದ ನಿನಗೆ ಸಮಾಧಾನವಾಗಲಿಲ್ಲ ಎಂದು ನಿನ್ನ ಐದು ಕಾಗದ ಓದಿದ ಮೇಲೆ ತಿಳಿಯಿತು. ಹೊರಡುವ ಮುಂಚೆ ಚಕ್ರದ ಬೇರಿಂಗ್ ನೋಡಿಸಬೇಕಿತ್ತು, ಜಾಗ ಹಿಡಿಯಿರಿ ಎಂದು ಕೇಳಲೇಬಾರದಿತ್ತು, ಆಫೀಸಿಗಾದರೂ ಫೋನ್ ಮಾಡಬೇಕಿತ್ತು ಎಂದು ಒಂದೊಂದು ಕಾಗದದಲ್ಲಿ ಒಂದೊಂದು ತಪ್ಪು ನಿನ್ನ ತಲೆಗೆ ಕಟ್ಟಿಕೊಂಡಿದ್ದೀಯ. ದಾರಿಯಲ್ಲಿ ಬೇರಿಂಗ್ ಹೋಗುವುದು ಯಾರ ಕೈಯಲ್ಲಿದೆ? ಆರ್ವಿಲನ ಗಾಡಿಯದು ನಾಲ್ಕು ಸಲ ಹೋಗಿತ್ತು.

ಕಾಗದ ತಲುಪಿದ ಕೂಡಲೇ ಹೂಂ ಅಥವಾ ಊಹೂಂ ಏನಾದರೂ ಒಂದು ತಿಳಿಸು. ಬರುವುದಾದರೆ ಎಂಟನೆಯದು ತೆಗೆದುಕೊಳ್ಳಿ, ಅದರ ಚಪ್ಪರ ದೊಡ್ಡದು. ಬರದಿದ್ದರೂ ಗಾಡಿ ಮಾರಬೇಡ, ನನ್ನಿಂದ ದೂರ ಬೇರೆ ಯಾವುದಾದರೂ ಬಿಸಿಲೂರಿಗೆ ಹೋಗಿ. ಡುವೇನನಿಗೆ ಔಷಧಿ ತಪ್ಪಿಸಬೇಡ. ದೇವರು ನಿಮ್ಮಿಬ್ಬರನ್ನೂ ಬಹಳ ಕಾಲ ಒಂದೇ ಸೂರಿನಡಿ ಜಗಳವಾಡಿಕೊಂಡಿರಲು ಬಿಡಲಿ.

ನಿನ್ನ,
ಮೇವಿಸ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಇದನ್ನು ಬರೆಯದೆ ಮೇಲಿನದನ್ನು ಕಳಿಸಿದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ನಿನ್ನ ಫೋನು ನನಗೆ ಬಂದಿತ್ತು, ಸಿಗ್ರಿಡ್. ಕೊಲ್ಲಿಯಲ್ಲಿ ಸಿಗ್ನಲ್ ಇಲ್ಲದ್ದು ನಿಜ, ಆದರೆ ಹಾಲ್‌ನಲ್ಲಿ ಇತ್ತು, ನಮ್ಮ ಒಂದೇ ಫೋನು ನನ್ನ ಚೀಲದಲ್ಲಿತ್ತು. ಹತ್ತೂಕಾಲಿಗೆ ನೀನು ಫೋನಿನಲ್ಲಿ ಹೇಳಿಟ್ಟ ಮಾತನ್ನು ನಾನು ಕೂಡಲೇ ಕಿವಿಗಿಟ್ಟು ಕೇಳಿದೆ. ಬೇರಿಂಗ್ ಹೋಗಿದೆ, ಇವತ್ತು ಬರೋಕಾಗಲ್ಲ, ಆರ್ವಿಲ್‌ನ ಬಿಸಿಲಲ್ಲಿ ಕೂರಿಸ್ಬೇಡ ಎಂದಿದ್ದೆ. ಎದ್ದು ಹೋಗಿ ಹೇಳಲು ಐದು ನಿಮಿಷದ ದಾರಿ. ಹೇಳಿದರೆ, ನೋಡಿದ್ಯಾ, ನಾನು ಬೆಳಿಗ್ಗೆನೇ ಹೇಳ್ಲಿಲ್ವಾ ಎನ್ನುತ್ತಾನೆ, ಚಳಿಗಾಲ ಪೂರ್ತಿ ಅದನ್ನೇ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಾನೆ ಎನಿಸಿತು. ಇನ್ನೊಂದು ಆಟ ಮುಗಿಸಿ ಹೋದರಾಯಿತು, ಅವನೂ ಸ್ವಲ್ಪ ಕೂತಿರಲಿ ಎಂದುಕೊಂಡೆ. ಇಸ್ಪೀಟಿನ ಎಲೆ ಬಹಳ ಚೆನ್ನಾಗಿ ಬೀಳುತ್ತಿತ್ತು. ಮಿಸೆಸ್ ಟಾಲ್‌ಮನ್ ಓಡಿ ಬಂದಾಗಲೂ ನನ್ನ ಕೈಯಲ್ಲಿ ಎಲೆಗಳಿದ್ದವು. ನಿನ್ನನ್ನು ಹನ್ನೊಂದು ತಿಂಗಳು ಆ ಬೆಂಕಿಯಲ್ಲಿ ಕೂರಿಸಿದವಳೂ ನಾನೇ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆ ದಿನ ಎಲ್ಲ ಆಟಗಳನ್ನೂ ನಾನೇ ಗೆದ್ದೆ.